ಹೊರ ಇಂಜಿನ್ ಕೂರಿಸುವ ಬಗೆಗಳು: ದೋಣಿಯ ಹಿಂಹಲಗೆಯ ಬಗ್ಗೆ ನಾಲ್ಕು ಮಾತು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಮಾಹಿತಿ ಶಿಬಿರದಲ್ಲಿ ಮಾಡಿದ ಭಾಷಣದ ಪಠ್ಯ)



 ನಾವು ಭಾಷಣಕಾರರಲ್ಲ. ದಡದ ಮೇಲೆ ಶೆಡ್ಡು ಹಾಕಿಕೊಂಡು ದೋಣಿ ಕಟ್ಟುವ, ರಿಪೇರಿ ಮಾಡುವ ಕೆಲಸದವರು. ಸಹಕಾರ ಚಳವಳಿಯ ಮಹತ್ವದ ಬಗ್ಗೆ ನಮಗಿಂತ ಚೆನ್ನಾಗಿ ಹೇಳುವವರು ಈ ವೇದಿಕೆಯಲ್ಲಿದ್ದಾರೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರಿಗಾಗಿ ಪತ್ತಿನ ಸಂಘ ಕಟ್ಟಿದರಲ್ಲ, ಆಗ ಅವರ ಮುಂದೆ ಇದ್ದದ್ದು ಒಂದೇ ಮಾತು: ದುಡಿಯುವವನ ಕೈಗೆ ಸಾಲ ಸಿಗಬೇಕು, ಆ ಸಾಲ ಅವನನ್ನು ಮುಳುಗಿಸಬಾರದು. ಕಡಲಿನವರಾದ ನಮಗೆ ಈ 'ಮುಳುಗುವುದು' ಎಂಬ ಮಾತಿಗೆ ಎರಡು ಅರ್ಥ ಇದೆ. ಇವತ್ತು ನಾವು ಹೇಳಹೊರಟಿರುವುದು ಎರಡಕ್ಕೂ ಸಂಬಂಧಪಟ್ಟದ್ದು.

ದಡದ ಮೇಲೆ ಹೊಸ ಇಂಜಿನ್ ಬಂತೆಂದರೆ ನಾಲ್ಕು ಜನ ಸೇರುತ್ತಾರೆ. "ಹ್ವಾಯ್, ಎಷ್ಟು ಹೆಚ್.ಪಿ.?" ಅಂತ ಮೊದಲ ಪ್ರಶ್ನೆ. "ಎಷ್ಟು ಬಿತ್ತು?" ಅಂತ ಎರಡನೆಯದು. ಸೀಮೆಎಣ್ಣೆ ಎಷ್ಟು ಕುಡಿಯುತ್ತದೆ, ಪೆಟ್ರೋಲ್ ಎಷ್ಟು ಕುಡಿಯುತ್ತದೆ ಎಂಬುದು ಮೂರನೆಯದು. ಆದರೆ ಅದು ಎಲ್ಲಿ ಕೂರುತ್ತದೆ, ಯಾವ ಹಲಗೆಯ ಮೇಲೆ ಕೂರುತ್ತದೆ, ಆ ಹಲಗೆ ನೀರಿನಿಂದ ಎಷ್ಟು ಇಂಚು ಮೇಲಿದೆ ಅಂತ ಕೇಳುವವರು ಬಹಳ ಕಡಿಮೆ. ಇಂಜಿನ್ ಕೆಟ್ಟರೆ ಮೆಕ್ಯಾನಿಕ್ ಸರಿ ಮಾಡುತ್ತಾನೆ. ಅಳಿವೆಯ ಬಾಯಲ್ಲಿ ಹಿಂದಿನಿಂದ ತೆರೆ ದೋಣಿಯೊಳಗೆ ಹತ್ತಿದರೆ ಸರಿ ಮಾಡಲು ಸಮಯ ಇರುವುದಿಲ್ಲ. ಆದ್ದರಿಂದ ಈ ಹಿಂಬದಿಯ ಹಲಗೆಯ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಇಂಗ್ಲಿಷಿನಲ್ಲಿ ಇದಕ್ಕೆ ಟ್ರಾನ್ಸಂ ಅನ್ನುತ್ತಾರೆ. ನಾವು ಹಿಂಹಲಗೆ ಎಂದೇ ಕರೆಯೋಣ.

ಈ ಸಮಸ್ಯೆ ಎಲ್ಲಿಂದ ಬಂತು?

ನಮ್ಮ ಹಿರಿಯರ ಕಾಲದ ದೋಣಿಗಳಿಗೆ ಹಿಂಹಲಗೆಯೇ ಇರಲಿಲ್ಲ. ಪಾತಿ ದೋಣಿ ಇರಲಿ, ರಂಪಣಿ ದೋಣಿ ಇರಲಿ, ಎರಡೂ ತುದಿ ಚೂಪು. ಹುಟ್ಟು ಹಾಕಿ ನಡೆಸುವ, ಹಾಯಿ ಕಟ್ಟಿ ಓಡಿಸುವ ದೋಣಿಗೆ ಅದೇ ಸರಿ. ಹಿಂದಿನಿಂದ ಬಂದ ತೆರೆಯನ್ನು ಚೂಪು ತುದಿ ಸೀಳುತ್ತಿತ್ತು, ದೋಣಿ ಅದರ ಮೇಲೆ ಏರಿ ಇಳಿಯುತ್ತಿತ್ತು. 1970ರ ದಶಕದ ಕೊನೆಯ ಹೊತ್ತಿಗೆ ಪರ್ಸೀನ್ ಬೋಟುಗಳು ಬಂದು ರಂಪಣಿ ಇಳಿಮುಖವಾಯಿತು. ಮೀನು ಹುಡುಕಿಕೊಂಡು ದೂರ ಹೋಗಬೇಕಾಯಿತು. ಆಮೇಲಿನ ವರ್ಷಗಳಲ್ಲಿ ನಾಡದೋಣಿಗಳಿಗೆ ಹೊರ ಇಂಜಿನ್ ಬಂತು.

ಆದರೆ ಈ ಇಂಜಿನ್ ಹುಟ್ಟಿದ್ದು ನಮ್ಮ ದೋಣಿಗಾಗಿ ಅಲ್ಲ. ಅಮೆರಿಕದ ಮಿಲ್ವಾಕಿಯಲ್ಲಿ ಓಲೆ ಎವಿನ್ರೂಡ್ ಎಂಬಾತ 1909ರಲ್ಲಿ ಇದನ್ನು ಮಾರಾಟಕ್ಕೆ ತಂದ. ಕೆರೆ ಸರೋವರಗಳಲ್ಲಿ ಓಡಾಡುವ, ಹಿಂದೆ ಅಡ್ಡಹಲಗೆ ಇರುವ ಸಣ್ಣ ದೋಣಿಗೆ ಎರಡು ತಿರುಪು ಬಿಗಿದು ತಗುಲಿಸುವ ಯಂತ್ರ ಅದು. ಇವತ್ತಿಗೂ ಕಂಪೆನಿಯವರು ಇಂಜಿನ್ ತಯಾರಿಸುವಾಗ ಇಂತಿಷ್ಟು ಎತ್ತರದ, ಇಂತಿಷ್ಟು ದಪ್ಪದ, ಇಂತಿಷ್ಟು ಓರೆಯ ಹಲಗೆ ಇದೆ ಎಂದೇ ಲೆಕ್ಕ ಹಿಡಿಯುತ್ತಾರೆ. ಆ ಲೆಕ್ಕಕ್ಕೂ ನಮ್ಮ ದೋಣಿಗೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ತೊಂದರೆ ಶುರು.

ಹಲಗೆಯ ಮೇಲೆ ಬೀಳುವ ಭಾರ

ಇಂಜಿನ್ ದೋಣಿಯನ್ನು ಹಿಂದಿನಿಂದ ತಳ್ಳುತ್ತದೆ ಅಂತ ಎಲ್ಲರೂ ತಿಳಿದುಕೊಂಡಿರುತ್ತೇವೆ. ಸರಿಯಾಗಿ ನೋಡಿದರೆ ಅದು ತಳ್ಳುವುದರ ಜೊತೆಗೆ ಮೀಟುತ್ತದೆ. ಫ್ಯಾನು ಇರುವುದು ನೀರಿನ ಕೆಳಗೆ, ಹಲಗೆಯ ತಲೆಯಿಂದ ಎರಡು ಅಡಿಗೂ ಕೆಳಗೆ. ಕ್ಲಾಂಪು ಹಲಗೆಯನ್ನು ಹಿಡಿದಿರುವುದು ಮೇಲಿನ ಒಂದಡಿಯಲ್ಲಿ ಮಾತ್ರ. ಒಂದು ಲೆಕ್ಕ ನೋಡಿ. ಫ್ಯಾನು ನೂರು ಕಿಲೋ ಬಲದಿಂದ ತಳ್ಳುತ್ತಿದೆ, ಅದು ಹಲಗೆಯ ತಲೆಯಿಂದ 65 ಸೆಂಟಿಮೀಟರ್ ಕೆಳಗಿದೆ, ಕ್ಲಾಂಪಿನ ಮೇಲಿನ ಹಿಡಿತಕ್ಕೂ ಕೆಳಗಿನ ಒತ್ತಿಗೂ ನಡುವೆ 30 ಸೆಂಟಿಮೀಟರ್ ಇದೆ ಅಂತ ಇಟ್ಟುಕೊಳ್ಳಿ. ಆಗ ಕ್ಲಾಂಪಿನ ಕೆಳತುದಿ ಹಲಗೆಯನ್ನು ಇನ್ನೂರಕ್ಕೂ ಮಿಕ್ಕಿದ ಕಿಲೋ ಬಲದಿಂದ ಮುಂದಕ್ಕೆ ಒತ್ತುತ್ತದೆ. ಮೇಲ್ತುದಿ ನೂರಕ್ಕೂ ಮಿಕ್ಕಿದ ಕಿಲೋ ಬಲದಿಂದ ಹಲಗೆಯ ತಲೆಯನ್ನು ಹಿಂದಕ್ಕೆ ಎಳೆಯುತ್ತದೆ. ಸಬ್ಬಲ್ ಹಾಕಿ ಕಲ್ಲು ಎಬ್ಬಿಸಿದ ಹಾಗೆ. ಇದು ಶಾಂತ ನೀರಿನ ಲೆಕ್ಕ. ತೆರೆಯಲ್ಲಿ ದೋಣಿ ಎತ್ತಿ ಕುಕ್ಕಿದಾಗ ಇಂಜಿನ್ನಿನ ತೂಕವೂ ಜಗ್ಗುತ್ತದೆ.

ಹಾಗಾಗಿ ಹಿಂಹಲಗೆ ಬರೀ ದಪ್ಪ ಇದ್ದರೆ ಸಾಲದು. ಅದು ದೋಣಿಯ ಎರಡು ಪಕ್ಕಕ್ಕೂ, ತಳದ ಏರಾ ಮರಕ್ಕೂ ಮೂಲೆಗಟ್ಟುಗಳಿಂದ ಬಿಗಿಯಾಗಿ ಸೇರಿರಬೇಕು. ಆಗ ಮೀಟುವ ಬಲ ಇಡೀ ದೋಣಿಗೆ ಹಂಚಿ ಹೋಗುತ್ತದೆ. ಮೂಲೆಗಟ್ಟು ಇಲ್ಲದ ಹಲಗೆ ಮೊದಲು ತಲೆಯಲ್ಲಿ ಅಲುಗುತ್ತದೆ, ಆಮೇಲೆ ಪಕ್ಕದ ಜೋಡಣೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿಕೊಳ್ಳುತ್ತದೆ. ಆ ಬಿರುಕಿನ ಮೇಲೆ ಬಣ್ಣ ಬಳಿದರೆ ಹೊರಗೆ ಕಾಣುವುದಿಲ್ಲ, ಅಷ್ಟೆ.

ಮೊದಲು ಅಳೆಯಬೇಕಾದ ಅಳತೆಗಳು

ಒಂದು, ಎತ್ತರ. ಹೊರ ಇಂಜಿನ್ನಿನ ಕಾಲು ಸಾಮಾನ್ಯವಾಗಿ ಮೂರು ಅಳತೆಯಲ್ಲಿ ಬರುತ್ತದೆ: 15 ಇಂಚು, 20 ಇಂಚು, 25 ಇಂಚಿನ ಹಲಗೆಗೆ ಹೊಂದುವಂಥವು. ಅಂಗಡಿಯಲ್ಲಿ ಶಾರ್ಟ್, ಲಾಂಗ್, ಎಕ್ಸ್‌ಟ್ರಾ ಲಾಂಗ್ ಅನ್ನುತ್ತಾರೆ. ಇಂಜಿನ್ ಕೂರುವ ಜಾಗದಲ್ಲಿ ಹಲಗೆಯ ತಲೆಯಿಂದ ದೋಣಿಯ ತಳದವರೆಗೆ ಅಳೆಯಬೇಕು. ಫ್ಯಾನಿನ ಮೇಲೆ ಒಂದು ಚಪ್ಪಟೆ ತಟ್ಟೆ ಇದೆಯಲ್ಲ, ಕ್ಯಾವಿಟೇಶನ್ ಪ್ಲೇಟ್ ಅನ್ನುತ್ತಾರಲ್ಲ, ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದಿಂಚು ಕೆಳಗೆ ಬರಬೇಕು. ದೋಣಿಯ ತಳಕ್ಕೆ ಒಂದು ನೇರ ರೀಪು ಒತ್ತಿ ಹಿಡಿದು ಹಿಂದಕ್ಕೆ ಚಾಚಿದರೆ ಕಣ್ಣಿಗೇ ಗೊತ್ತಾಗುತ್ತದೆ. ತಟ್ಟೆ ಮೇಲಿದ್ದರೆ ತೆರೆಯಲ್ಲಿ ಫ್ಯಾನು ಗಾಳಿ ಎಳೆದುಕೊಳ್ಳುತ್ತದೆ. ಇಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ತೀರಾ ಕೆಳಗಿದ್ದರೆ ಕಾಲು ನೀರನ್ನು ಎಳೆದು ಎಣ್ಣೆ ಜಾಸ್ತಿ ಸುಡುತ್ತದೆ, ಇಂಜಿನ್ನಿನ ತಲೆಯೂ ನೀರಿಗೆ ಹತ್ತಿರವಾಗುತ್ತದೆ.

ಎರಡು, ದಪ್ಪ. ಸಣ್ಣ ಇಂಜಿನ್ನುಗಳಿಗೆ ಸುಮಾರು ಒಂದೂವರೆಯಿಂದ ಎರಡು ಇಂಚು ದಪ್ಪದ ಹಲಗೆ ಬೇಕು. ಇನ್ನೂ ದಪ್ಪ ಮಾಡಿದರೆ ಕ್ಲಾಂಪು ಬಾಯಿ ತೆರೆಯುವುದಿಲ್ಲ.

ಮೂರು, ಓರೆ. ಹಲಗೆ ಹಿಂದಕ್ಕೆ ಸುಮಾರು 12ರಿಂದ 15 ಡಿಗ್ರಿ ವಾಲಿರಬೇಕು. ಪೂರ್ತಿ ನೆಟ್ಟಗಿದ್ದರೆ ಇಂಜಿನ್ನಿನ ಕಾಲನ್ನು ಬೇಕಾದ ಕೋನಕ್ಕೆ ತರಲು ಪಿನ್ನಿನ ತೂತುಗಳು ಸಾಲುವುದಿಲ್ಲ. ಆಗ ಓರೆ ಕತ್ತರಿಸಿದ ಮರದ ತುಂಡು ಮಧ್ಯೆ ಕೊಡಬೇಕಾಗುತ್ತದೆ.

ನಾಲ್ಕನೆಯದು ಯಾರೂ ಅಳೆಯದ ಅಳತೆ. ದೋಣಿಯನ್ನು ನೀರಿಗಿಳಿಸಿ, ಬಲೆ, ಐಸು, ಎಣ್ಣೆ, ಜನ ಎಲ್ಲ ಹಾಕಿ, ಇಂಜಿನ್ ಕೂರುವ ಕೊಯ್ತದ ಅಂಚು ನೀರಿನಿಂದ ಎಷ್ಟು ಮೇಲಿದೆ ಅಂತ ಅಳೆಯುವುದು. ಹಿಂಭಾಗ ಒಂಬತ್ತು ಇಂಚು ಮುಳುಗಿತು ಅಂತ ಹಿಡಿಯಿರಿ. 15 ಇಂಚಿನ ಹಲಗೆಯಾದರೆ ಉಳಿಯುವುದು ಆರು ಇಂಚು. 20 ಇಂಚಿನದಾದರೆ ಹನ್ನೊಂದು. ನಮ್ಮ ಗಂಗೊಳ್ಳಿಯ ಅಳಿವೆಯಂಥ ಕಡೆ, ಐದು ಹೊಳೆಯ ನೀರು ಹೊರಗೆ ನೂಕುವಾಗ, ಕಡಲು ಒಳಗೆ ನುಗ್ಗುವಾಗ, ಆರು ಇಂಚಿಗೂ ಹನ್ನೊಂದು ಇಂಚಿಗೂ ಇರುವ ವ್ಯತ್ಯಾಸ ಏನು ಅಂತ ಇಲ್ಲಿ ಕುಳಿತಿರುವ ಹಿರಿಯರಿಗೆ ನಾವು ಹೇಳಬೇಕಾಗಿಲ್ಲ.

ಕೂರಿಸುವ ಬಗೆಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಕರಾವಳಿಯ ದೋಣಿಗಳಿಗೆ ಆಗಬಹುದಾದ ಬಗೆಗಳು ನಾಲ್ಕು.

ಮೊದಲನೆಯದು, ಹಿಂಹಲಗೆಯನ್ನು ಕೊಯ್ದು ಅದರ ಮೇಲೇ ನೇರ ಕೂರಿಸುವುದು. ಖರ್ಚು ಕಡಿಮೆ. ಹಿಡಿಕೆ ನೇರ ಕೈಗೆ ಸಿಗುತ್ತದೆ. ದಡಕ್ಕೆ ಬರುವಾಗ ಇಂಜಿನ್ನನ್ನು ಸಲೀಸಾಗಿ ಎತ್ತಬಹುದು. ಭಾರವೆಲ್ಲ ದೋಣಿಯ ಮೈಗೇ ಬೀಳುತ್ತದೆ. ಇದರ ದೋಷ ಒಂದೇ, ಆದರೆ ಅದು ದೊಡ್ಡದು: ಇಡೀ ದೋಣಿಯ ಅಂಚಿನಲ್ಲಿ ಅತ್ಯಂತ ತಗ್ಗಾದ ಜಾಗ ಈ ಕೊಯ್ತ. ಮನೆಗೆ ನಾಲ್ಕು ಕಡೆ ಗೋಡೆ ಕಟ್ಟಿ ಹಿತ್ತಿಲ ಬಾಗಿಲು ತೆರೆದಿಟ್ಟ ಹಾಗೆ. ಇದಕ್ಕೆ ಪರಿಹಾರ ಎರಡು. ಹೊಸ ಇಂಜಿನ್ ಕೊಳ್ಳುವಾಗ ಉದ್ದ ಕಾಲಿನದನ್ನೇ ಕೊಂಡು ಕೊಯ್ತವನ್ನು ಐದು ಇಂಚು ಏರಿಸುವುದು ಒಂದು. ಇನ್ನೊಂದು, ಕೊಯ್ತದ ಒಳಗಡೆ ಒಂದು ತೊಟ್ಟಿ ಮಾಡುವುದು. ಹಿಂಹಲಗೆಯ ಮುಂದೆ ದೋಣಿಯ ಅಂಚಿನಷ್ಟೇ ಎತ್ತರದ ಇನ್ನೊಂದು ಅಡ್ಡಹಲಗೆ, ನಡುವೆ ನೀರ ಮಟ್ಟಕ್ಕಿಂತ ಮೇಲಿರುವ ತಳ, ಆ ತಳದಿಂದ ಹೊರಗೆ ನೀರು ಹರಿದು ಹೋಗಲು ಎರಡು ದೊಡ್ಡ ತೂತು. ತೆರೆ ಕೊಯ್ತ ದಾಟಿದರೂ ತೊಟ್ಟಿಯಲ್ಲಿ ಬಿದ್ದು ವಾಪಸ್ಸು ಹೊರಗೆ ಹೋಗುತ್ತದೆ. ಹೀಗೆ ಮಾಡಿದರೆ ಬಲೆ ಇಡುವ ಜಾಗ ಎರಡಡಿ ಹೋಗುತ್ತದೆ ಅಂತ ಕೆಲವರು ಆಕ್ಷೇಪ ಮಾಡುತ್ತಾರೆ. ಹೋಗುವುದು ನಿಜ. ಆದರೆ ಆ ಎರಡಡಿ ದೋಣಿಯ ಕಾವಲಿಗೆ ಕೊಟ್ಟ ಜಾಗ.

ಎರಡನೆಯದು, ಬಾವಿ ಪದ್ಧತಿ. ಹಿಂತುದಿಯಿಂದ ಸ್ವಲ್ಪ ಮುಂದೆ ದೋಣಿಯ ತಳದಲ್ಲೇ ತೂತು ಬಿಟ್ಟು, ಸುತ್ತ ಪೆಟ್ಟಿಗೆಯಂತೆ ಗೋಡೆ ಕಟ್ಟಿ, ಅದರೊಳಗೆ ಇಂಜಿನ್ ಇಳಿಸುವುದು. ಎರಡೂ ತುದಿ ಚೂಪಿರುವ ದೋಣಿಯ ಆಕಾರ ಕೆಡುವುದಿಲ್ಲ, ಹಿಂದಿನ ತೆರೆಯನ್ನು ಸೀಳುವ ಗುಣ ಉಳಿಯುತ್ತದೆ. ಫ್ಯಾನು ದೋಣಿಯ ನಡುವಿಗೆ ಹತ್ತಿರ ಇರುವುದರಿಂದ ಮುಂಭಾಗ ಕುಕ್ಕಿದಾಗ ಅದು ಬೇಗ ನೀರಿನಿಂದ ಮೇಲೇಳುವುದಿಲ್ಲ. ಹಿಂದಿನಿಂದ ಬಲೆ ಬಿಡುವವರಿಗೆ ಬಲೆ ಇಂಜಿನ್ನಿಗೆ ಸಿಕ್ಕುವ ಭಯ ಕಡಿಮೆ. ಆದರೆ ಬಾವಿ ಕಿರಿದಾಗಿದ್ದರೆ ಇಂಜಿನ್ನನ್ನು ಓರೆ ಮಾಡಿ ಎತ್ತಲು ಆಗುವುದಿಲ್ಲ. ನೇರ ಮೇಲಕ್ಕೆ ಹೊತ್ತು ತೆಗೆಯಬೇಕು. ದಿನಾ ಮರಳ ಮೇಲೆ ದೋಣಿ ಎಳೆಯುವ ಊರಿಗೆ ಇದು ಕಷ್ಟ. ಬಾವಿಯಷ್ಟು ಜಾಗ ತೇಲುವ ಶಕ್ತಿಯೂ ಹೋಗುತ್ತದೆ. ಇನ್ನೊಂದು ಮಾತು ಬಹಳ ಜನಕ್ಕೆ ಹೊಳೆಯುವುದಿಲ್ಲ: ಇಂಜಿನ್ನಿನ ಹೊಗೆ ಬಾವಿಯಲ್ಲಿ ತುಂಬಿಕೊಳ್ಳುತ್ತದೆ. ತಾನು ಬಿಟ್ಟ ಹೊಗೆಯನ್ನೇ ಇಂಜಿನ್ ಮತ್ತೆ ಎಳೆದುಕೊಂಡು ಬಡಬಡಿಸಿ ನಿಲ್ಲುತ್ತದೆ, ಇಂಜಿನ್ ಕೆಟ್ಟಿತು ಅಂತ ಮೆಕ್ಯಾನಿಕ್ಕನ್ನು ಕರೆಯುತ್ತಾರೆ. ಬಾವಿಯ ಮೇಲ್ಭಾಗಕ್ಕೆ ಗಾಳಿ ಆಡುವ ದಾರಿ ಬಿಡಬೇಕು. ಗೋಡೆಗಳನ್ನು ಸಾಧ್ಯವಾದಷ್ಟು ದೋಣಿಯ ಅಂಚಿನ ಮಟ್ಟಕ್ಕೇ ಏರಿಸಬೇಕು.

ಮೂರನೆಯದು, ಹೊರಗಣ ಬ್ರಾಕೆಟ್. ಹಿಂಹಲಗೆಯನ್ನು ಕೊಯ್ಯದೆ ಪೂರ್ತಿ ಎತ್ತರ ಹಾಗೇ ಬಿಟ್ಟು, ಅದರ ಹಿಂದೆ ಕಬ್ಬಿಣ ಅಥವಾ ಅಲ್ಯೂಮಿನಿಯಂ ಚೌಕಟ್ಟು ಬೋಲ್ಟ್ ಮಾಡಿ ಅದರ ಮೇಲೆ ಇಂಜಿನ್ ಕೂರಿಸುವುದು. ಹಿತ್ತಿಲ ಬಾಗಿಲು ಪೂರ್ತಿ ಮುಚ್ಚಿತು. ಒಳಗೆ ಜಾಗವೂ ಉಳಿಯಿತು. ನೋಡಲೂ ಚಂದ. ಆದ್ದರಿಂದ ಈಚೆಗೆ ಇದನ್ನು ಕೇಳಿಕೊಂಡು ಬರುವವರು ಹೆಚ್ಚಾಗಿದ್ದಾರೆ. ಆದರೆ ನಾವು ಆಗಲೇ ಹೇಳಿದ ಮೀಟುವ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. 50 ಕಿಲೋ ಇಂಜಿನ್ ಹಲಗೆಯಿಂದ ಎರಡು ಅಡಿ ಹಿಂದೆ ಹೋಯಿತು, ಬ್ರಾಕೆಟಿನ ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ ಒಂದಡಿ ಅಂತರ ಇದೆ ಎಂದರೆ, ದೋಣಿ ಸುಮ್ಮನೆ ನಿಂತಿದ್ದಾಗಲೇ ಮೇಲಿನ ಬೋಲ್ಟುಗಳ ಮೇಲೆ ನೂರು ಕಿಲೋ ಎಳೆತ. ಓಡುವಾಗ ಫ್ಯಾನಿನ ತಳ್ಳಾಟವೂ ಅದೇ ದಿಕ್ಕಿಗೆ ಸೇರಿಕೊಳ್ಳುತ್ತದೆ. ಕೊಯ್ಯದ ಹಲಗೆ ಎಂಬ ಧೈರ್ಯದಲ್ಲಿ ಮೂಲೆಗಟ್ಟು ಹಾಕದೆ ಬಿಟ್ಟರೆ ಕೊಯ್ದ ಹಲಗೆಗಿಂತ ಬೇಗ ಬಿರುಕು ಬಿಡುತ್ತದೆ. ಜೊತೆಗೆ ಭಾರ ಹಿಂದೆ ಸರಿದು ದೋಣಿಯ ಹಿಂಭಾಗ ಕುಗ್ಗುತ್ತದೆ, ಮುಂಭಾಗ ಏಳುತ್ತದೆ. ಹಿಡಿಕೆ ಹಿಡಿಯುವವನು ಹೊರಗೆ ಬಾಗಬೇಕಾಗುತ್ತದೆ. ಹಗ್ಗ ಎಳೆದು ಸ್ಟಾರ್ಟ್ ಮಾಡುವ ಇಂಜಿನ್ ಆದರೆ ಅಳಿವೆಯಲ್ಲಿ ಅದು ನಿಂತ ಗಳಿಗೆಯಲ್ಲಿ ಹೊರಗೆ ಬಾಗಿ ಹಗ್ಗ ಎಳೆಯುವುದು ಸಣ್ಣ ಮಾತಲ್ಲ ಮಾರಾಯ್ರೆ.

ಬ್ರಾಕೆಟ್ ಮಾರುವವರು, ಒಂದಡಿ ಹಿಂದೆ ಹೋದರೆ ಇಂಜಿನ್ನನ್ನು ಒಂದಿಂಚು ಮೇಲೆ ಕೂರಿಸಬಹುದು ಎನ್ನುತ್ತಾರೆ. ಇದು ನೀರಿನ ಮೇಲೆ ಜಾರಿಕೊಂಡು ಹೋಗುವ ವೇಗದ ದೋಣಿಗಳಿಗೆ ಹೇಳಿದ ಮಾತು. ಅಂಥ ದೋಣಿಯ ಹಿಂದೆ ನೀರು ಮೇಲೆದ್ದು ಬರುತ್ತದೆ. ಬಲೆ, ಮೀನು ತುಂಬಿಕೊಂಡು ನಿಧಾನ ಬರುವ ನಮ್ಮ ದೋಣಿಗೆ ಈ ಲೆಕ್ಕವನ್ನು ನಂಬಿ ಇಂಜಿನ್ ಏರಿಸಬಾರದು.

ನಾಲ್ಕನೆಯದು, ಪಕ್ಕದಲ್ಲಿ ಕಟ್ಟುವುದು. ಎರಡೂ ತುದಿ ಚೂಪಿರುವ ಸಣ್ಣ ದೋಣಿಗೆ ಹಿಂಭಾಗದಲ್ಲಿ ಅಡ್ಡ ಮರ ಹಾಕಿ, ಒಂದು ಪಕ್ಕಕ್ಕೆ ಹಲಗೆ ತುಂಡು ಜೋಡಿಸಿ ಇಂಜಿನ್ ತಗುಲಿಸುತ್ತಾರೆ. ದೋಣಿಯನ್ನು ಕೊಯ್ಯಬೇಕಾಗಿಲ್ಲ, ಬೇಡವಾದ ದಿನ ಬಿಚ್ಚಿಡಬಹುದು. ಸಣ್ಣ ಇಂಜಿನ್, ಹೊಳೆ ಮತ್ತು ದಡದ ಹತ್ತಿರದ ಮೀನುಗಾರಿಕೆ, ಇಷ್ಟಕ್ಕೆ ಇದು ಸಾಕು. ಬಲಗಡೆ ಕಟ್ಟಿದರೆ ದೋಣಿ ಎಡಕ್ಕೆ ತಿರುಗಲು ನೋಡುತ್ತದೆ, ಹಿಡಿಕೆಯನ್ನು ಸದಾ ಸ್ವಲ್ಪ ಓರೆಯಾಗಿ ಹಿಡಿದಿರಬೇಕು. ದೋಣಿ ಪಕ್ಕಕ್ಕೆ ಹೊರಳಿದಾಗ ಫ್ಯಾನು ನೀರಿನಿಂದ ಮೇಲೇಳುತ್ತದೆ. ಬಲೆಯನ್ನು ಇಂಜಿನ್ ಇಲ್ಲದ ಪಕ್ಕದಿಂದಲೇ ಎಳೆಯಬೇಕು. ಅಡ್ಡ ಮರವನ್ನು ಎರಡೂ ಅಂಚಿಗೆ ಕಟ್ಟಿರಬೇಕು, ಒಂದೇ ಅಂಚಿಗೆ ಕಟ್ಟಿದರೆ ಅಂಚು ತಿರುಚಿಕೊಳ್ಳುತ್ತದೆ. ದೊಡ್ಡ ಇಂಜಿನ್ನಿಗೆ ಇದು ಸಲ್ಲ.

ಇನ್ನು ಎತ್ತರ ಏರಿಸಿ ಇಳಿಸುವ ಜಾಕ್ ಪ್ಲೇಟು ಮುಂತಾದವು ಇವೆ. ಅವು ಮೋಜಿನ ದೋಣಿಗಳ ಸಾಮಾನು. ನಮ್ಮ ಮರಳು, ಉಪ್ಪಿಗೆ ಅವುಗಳ ಜಾರುಪಟ್ಟಿ ಬೇಗ ಕಚ್ಚಿಕೊಳ್ಳುತ್ತದೆ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇವೆ.

ಹಾಗಾದರೆ ಯಾವುದು ಒಳ್ಳೆಯದು? ದಿನಾ ಅಳಿವೆ ದಾಟುವ, ದಡಕ್ಕೆ ಎಳೆಯುವ, ಹಿಂಹಲಗೆ ಇರುವ ಫೈಬರ್ ದೋಣಿಗೆ ಉದ್ದ ಕಾಲಿನ ಇಂಜಿನ್, 20 ಇಂಚಿನ ಹಲಗೆ, ಒಳಗೆ ತೊಟ್ಟಿ. ಇದು ನಮ್ಮ ಅಭಿಪ್ರಾಯ. ಬಂದರಿನಲ್ಲಿ ನೀರಿನಲ್ಲೇ ನಿಲ್ಲುವ, ಹಿಂದಿನಿಂದ ಬಲೆ ಬಿಡುವ ಚೂಪು ದೋಣಿಗೆ ಬಾವಿ ಆಗಬಹುದು. ಬ್ರಾಕೆಟ್ ಬೇಕೇ ಬೇಕು ಅನ್ನುವವರು ದೋಣಿ ಕಟ್ಟುವಾಗಲೇ ಹೇಳಬೇಕು, ಮೂಲೆಗಟ್ಟು ಮೊದಲೇ ಹಾಕಬಹುದು. ಹಳೇ ದೋಣಿಗೆ ಆಮೇಲೆ ಬ್ರಾಕೆಟ್ ತಗುಲಿಸುವುದನ್ನು ನಾವು ಒಪ್ಪುವುದಿಲ್ಲ.

ಹಲಗೆಯ ಆರೋಗ್ಯ

ಹಿಂಹಲಗೆಗೆ ಐ.ಎಸ್. 710 ಗುರುತಿನ ಮೆರೈನ್ ಪ್ಲೈವುಡ್ಡೇ ಆಗಬೇಕು. 18 ಅಥವಾ 19 ಮಿಲಿಮೀಟರಿನ ಎರಡು ಹಲಗೆ ಅಂಟಿಸಿದರೆ ಒಂದೂವರೆ ಇಂಚು ಸಿಗುತ್ತದೆ. ಅದರ ಮೇಲೆ ಫೈಬರ್ ಹೊದಿಕೆ. ಈ ಹಲಗೆ ಸಾಯುವುದು ಹೊರಗಿನಿಂದ ಅಲ್ಲ, ತೂತಿನಿಂದ. ಬೋಲ್ಟಿಗೆ ಕೊರೆದ ತೂತಿನಲ್ಲಿ ನೀರು ಇಳಿದು ಒಳಗಿನ ಪ್ಲೈವುಡ್ ಕೊಳೆಯುತ್ತದೆ, ಹೊರಗಿನ ಫೈಬರ್ ಹೊಳೆಯುತ್ತಲೇ ಇರುತ್ತದೆ. ಸರಿಯಾದ ಕ್ರಮ ಏನೆಂದರೆ, ಬೋಲ್ಟಿಗಿಂತ ದೊಡ್ಡ ತೂತು ಕೊರೆದು, ಅದನ್ನು ಎಪಾಕ್ಸಿಯಿಂದ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯುವುದು. ಆಗ ನೀರಿಗೆ ಮರ ಸಿಗುವುದೇ ಇಲ್ಲ.

ಪರೀಕ್ಷೆ ಸುಲಭ. ಮರದ ಕೊಡತಿಯಿಂದ ಹಲಗೆಯನ್ನು ಉದ್ದಕ್ಕೂ ಮೆಲ್ಲಗೆ ತಟ್ಟಿ. ಗಟ್ಟಿ ಜಾಗ ಟಣ್ ಎನ್ನುತ್ತದೆ, ಕೊಳೆತ ಜಾಗ ದಬ್ ಎನ್ನುತ್ತದೆ. ಇಂಜಿನ್ನನ್ನು ಅರ್ಧ ಎತ್ತಿ ನಿಲ್ಲಿಸಿ ಕಾಲನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಹಲಗೆಯ ತಲೆ ಬಾಗುವುದು ಕಂಡರೆ ಅವತ್ತು ಕಡಲಿಗೆ ಹೋಗಬೇಡಿ.

ಕೈ ತಿರುಪನ್ನು ಮಾತ್ರ ನಂಬಬೇಡಿ. ಇಂಜಿನ್ನಿನ ನಡುಕಕ್ಕೆ ಅದು ಸಡಿಲುತ್ತದೆ. ಸ್ಟೇನ್‌ಲೆಸ್ ಬೋಲ್ಟ್, ಒಳಗಡೆ ಅಗಲ ವಾಷರ್ ಹಾಕಿ, ಜೊತೆಗೆ ಇಂಜಿನ್ನಿಗೂ ದೋಣಿಗೂ ಒಂದು ಗಟ್ಟಿ ಹಗ್ಗ ಅಥವಾ ಸರಪಳಿ ಇರಲಿ. ತಾಮ್ರದ ತಗಡು, ತಾಮ್ರ ಸೇರಿದ ಬಣ್ಣ ಇಂಜಿನ್ನಿನ ಅಲ್ಯೂಮಿನಿಯಂ ಭಾಗಕ್ಕೆ ತಾಗಬಾರದು, ಉಪ್ಪು ನೀರಿನಲ್ಲಿ ಅಲ್ಯೂಮಿನಿಯಂ ಕರಗಿ ಹೋಗುತ್ತದೆ. ಮರಳ ದಿಬ್ಬ ಇರುವ ಕಡೆ ಮುಂದಕ್ಕೆ ಓಡಿಸುವಾಗ ಇಂಜಿನ್ನಿನ ಕಾಲು ಏಳದಂತೆ ಹಿಡಿಯುವ ಕೊಂಡಿ ಬಿಚ್ಚಿರಬೇಕು. ಕೊಂಡಿ ಹಾಕಿದ್ದರೆ ಮರಳಿಗೆ ತಾಗಿದ ಪೆಟ್ಟೆಲ್ಲ ಹಲಗೆಗೇ ಬೀಳುತ್ತದೆ.

ಈಗೇಕೆ ಈ ಮಾತು?

ಈಗೊಂದು ಬದಲಾವಣೆ ನಡೆಯುತ್ತಿದೆ. ಸೀಮೆಎಣ್ಣೆಯ ತೊಂದರೆ ನಿಮಗೆಲ್ಲ ಗೊತ್ತಿದ್ದದ್ದೇ. 2023ರ ರಾಜ್ಯ ಮುಂಗಡಪತ್ರದಲ್ಲಿ ಸೀಮೆಎಣ್ಣೆ ಇಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಇಂಜಿನ್ ಹಾಕಿಕೊಳ್ಳುವ ನಾಡದೋಣಿಯವರಿಗೆ ಸಹಾಯಧನ ಘೋಷಣೆಯಾಯಿತು. ಒಳ್ಳೆಯದೇ. ಆದರೆ ಹಳೇ ಎರಡು ಸ್ಟ್ರೋಕಿನ ಇಂಜಿನ್ ಹಗುರ. 15 ಹೆಚ್.ಪಿ.ಯದು ಸುಮಾರು 35ರಿಂದ 40 ಕಿಲೋ ಬರುತ್ತಿತ್ತು. ಅದೇ ಶಕ್ತಿಯ ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಇಂಜಿನ್ ಸುಮಾರು 45ರಿಂದ 50 ಕಿಲೋ ಮೇಲೂ ಬರುತ್ತದೆ. ದೊಡ್ಡ ಇಂಜಿನ್ನುಗಳಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಹತ್ತು ಹದಿನೈದು ವರ್ಷ ಹಳೆಯ ಹಲಗೆಗೆ ಹೊಸ ತೂಕ ಬಂದು ಕೂತಿತು ಅಂತಾಯಿತು. ಅದರ ಮೇಲೆ ಎರಡನೇ ಇಂಜಿನ್ನನ್ನೂ ಪಕ್ಕದಲ್ಲೇ ತೂಗುಹಾಕಿಕೊಂಡು ಹೋಗುವ ಅಭ್ಯಾಸ ಕೆಲವರಿಗಿದೆ. ಬೇಕಾಗುವವರೆಗೆ ಅದನ್ನು ದೋಣಿಯ ನಡುವೆ ಮಲಗಿಸಿಡಿ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದೊಡ್ಡ ಬೋಟುಗಳಿಗೆ ಕಡಲು ಬಂದ್. 10 ಹೆಚ್.ಪಿ.ವರೆಗಿನ ನಾಡದೋಣಿಗೆ ಮಾತ್ರ ವಿನಾಯಿತಿ. ಅಂದರೆ ವರ್ಷದ ಅತ್ಯಂತ ಕೆಟ್ಟ ಕಡಲಿಗೆ ಇಳಿಯುವುದು ನಮ್ಮ ಅತ್ಯಂತ ಸಣ್ಣ ದೋಣಿಗಳು. ಒಳಗೆ ಬರುವಾಗ ತೆರೆ ಹಿಂದಿನಿಂದಲೇ ಅಟ್ಟಿಸಿಕೊಂಡು ಬರುತ್ತದೆ. ಹೆದರಿ ಫಕ್ಕನೆ ಇಂಜಿನ್ ತಗ್ಗಿಸಿದರೆ ದೋಣಿಯ ಹಿಂದೆ ಎದ್ದಿದ್ದ ನೀರೂ ಕಡಲ ತೆರೆಯೂ ಸೇರಿ ಕೊಯ್ತದ ಮೇಲೆ ಬರುತ್ತವೆ. ಆಗ ಇರುವುದು ಆ ಹಲಗೆಯೊಂದೇ.

ಸಂಘ ಏನು ಮಾಡಬಹುದು?

ಇದು ಒಬ್ಬೊಬ್ಬರು ಮಾಡಿ ಮುಗಿಯುವ ಕೆಲಸ ಅಲ್ಲ. ಆದ್ದರಿಂದ ಆಡಳಿತ ಮಂಡಳಿಯ ಮುಂದೆ ಮೂರು ಸಲಹೆ ಇಡುತ್ತೇವೆ.

ಒಂದು, ಇಂಜಿನ್ ಸಾಲದ ಅರ್ಜಿಯ ಜೊತೆ ಹಿಂಹಲಗೆಯ ಅಳತೆ ಚೀಟಿ ಇರಬೇಕು. ಎತ್ತರ, ದಪ್ಪ, ಓರೆ, ಭಾರ ಹಾಕಿದಾಗ ನೀರಿನಿಂದ ಉಳಿಯುವ ಇಂಚು, ಮೂಲೆಗಟ್ಟು ಇದೆಯೇ ಇಲ್ಲವೇ, ಇಷ್ಟೇ. ಜಾಮೀನುದಾರರ ಸಹಿ ತೆಗೆದುಕೊಳ್ಳುವ ನಾವು ಹಲಗೆಯ ಸಹಿಯನ್ನೂ ತೆಗೆದುಕೊಳ್ಳೋಣ. ಹಲಗೆ ಸರಿ ಇಲ್ಲದಿದ್ದರೆ ಅರ್ಜಿ ತಿರಸ್ಕರಿಸುವುದು ಬೇಡ. ಹಲಗೆ ರಿಪೇರಿಯ ಖರ್ಚನ್ನೂ ಅದೇ ಸಾಲದಲ್ಲಿ ಸೇರಿಸಿ ಕೊಡೋಣ. ಇಂಜಿನ್ನಿನ ಬೆಲೆಯ ಮುಂದೆ ಅದು ಸಣ್ಣ ಮೊತ್ತ.

ಎರಡು, ಮಳೆಗಾಲಕ್ಕೆ ಮುಂಚೆ, ಮೇ ತಿಂಗಳ ಒಂದು ಭಾನುವಾರ ದಡದ ಮೇಲೆ ಎಲ್ಲ ದೋಣಿಗಳ ಹಲಗೆ ತಟ್ಟಿ ನೋಡುವ ಕೆಲಸ ಇಟ್ಟುಕೊಳ್ಳೋಣ. ನಮ್ಮ ಶೆಡ್ಡಿನವರು ಕೂಲಿ ಇಲ್ಲದೆ ಬರುತ್ತೇವೆ.

ಮೂರು, ಸಂಘದ ಗೋಡೌನಿನಲ್ಲಿ ಸ್ಟೇನ್‌ಲೆಸ್ ಬೋಲ್ಟ್, ಅಗಲ ವಾಷರ್, ಮೆರೈನ್ ಪ್ಲೈವುಡ್, ಎಪಾಕ್ಸಿ ಒಟ್ಟಿಗೆ ತರಿಸಿ ಇಡಬೇಕು. ಒಬ್ಬರು ನಾಲ್ಕು ಬೋಲ್ಟಿಗಾಗಿ ಪೇಟೆಗೆ ಹೋಗಬೇಕಾದಾಗ ಕಬ್ಬಿಣದ ಬೋಲ್ಟೇ ಸಾಕು ಅನ್ನಿಸುತ್ತದೆ. ಇಲ್ಲೇ ಸಿಕ್ಕರೆ ಹಾಗೆ ಅನ್ನಿಸುವುದಿಲ್ಲ.

ಬಹಳ ಹೊತ್ತು ತೆಗೆದುಕೊಂಡೆವು. ಊಟದ ಹೊತ್ತೂ ಆಯಿತು. ಕಡೆಯದಾಗಿ ಒಂದು ಮಾತು. ಇಂಜಿನ್ ನೋಡಲು ಅಂಗಡಿಗೆ ಹೋಗುವ ಮೊದಲು ಒಂದು ಅಳತೆ ಟೇಪು ಹಿಡಿದು ನಿಮ್ಮ ದೋಣಿಯ ಹಿಂದೆ ನಿಲ್ಲಿ. ಅಲ್ಲಿ ಸಿಗುವ ಇಂಚುಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. ಅಂಗಡಿಯವರು ಯಾವ ಕಾಲಿನ ಇಂಜಿನ್ ಅಂತ ಕೇಳಿದರೆ ಆ ಕಾಗದ ತೋರಿಸಿ.